ಮಾರಾಟಕ್ಕೆ ಒಪ್ಪದ ಆಟಗಾರ

1969ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್‌ಗೆ ಒಂದು ಟೆಲಿಫೋನ್ ಕರೆ ಬಂತು. ಕರೆ ಮಾಡಿದವನು ತಂಡದ ಮಾಲೀಕನಲ್ಲ, ಮ್ಯಾನೇಜರನೂ ಅಲ್ಲ. ಕಚೇರಿಯ ಮಧ್ಯಮ ದರ್ಜೆಯ ಒಬ್ಬ ಅಧಿಕಾರಿ. ಹನ್ನೆರಡು ವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಆಡಿದ ಫ್ಲಡ್‌ನನ್ನು ಫಿಲಡೆಲ್ಫಿಯಾದ ಫಿಲೀಸ್ ತಂಡಕ್ಕೆ ಕೊಟ್ಟಾಗಿದೆ ಎಂದು ಆತ ತಿಳಿಸಿದ. ಇಲ್ಲಿಂದ ನಾಲ್ವರು ಅಲ್ಲಿಗೆ, ಅಲ್ಲಿಂದ ಮೂವರು ಇಲ್ಲಿಗೆ. ಬೇಸ್‌ಬಾಲ್ ಲೋಕದಲ್ಲಿ ಇಂಥ ವಿನಿಮಯ ಹೊಸದೇನಲ್ಲ. ಹೇಳಿದ ಊರಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದು, ಇಲ್ಲವೇ ಆಟವನ್ನೇ ಬಿಡುವುದು, ಇವೆರಡೇ ದಾರಿ ಆಟಗಾರನಿಗೆ ಇದ್ದವು. ಫ್ಲಡ್ ಮೂರನೆಯದೊಂದು ದಾರಿ ಹುಡುಕಿದ.

ಆತ ಸಾಮಾನ್ಯ ಆಟಗಾರನಾಗಿರಲಿಲ್ಲ. ಬೇಸ್‌ಬಾಲ್ ಮೈದಾನದ ಹೊರ ಅಂಚಿನಲ್ಲಿ ಮೂವರು ಔಟ್‌ಫೀಲ್ಡರ್‌ಗಳು ನಿಲ್ಲುತ್ತಾರೆ. ಅವರಲ್ಲಿ ನಡುವಿನವನು ಸೆಂಟರ್ ಫೀಲ್ಡರ್. ಕ್ರಿಕೆಟ್ ಬಲ್ಲವರು ಲಾಂಗ್ ಆನ್‌ನಿಂದ ಲಾಂಗ್ ಆಫ್‌ವರೆಗಿನ ಬೌಂಡರಿಯನ್ನೆಲ್ಲ ಒಬ್ಬನೇ ಕಾಯುವುದನ್ನು ಊಹಿಸಿಕೊಂಡರೆ ಆ ಕೆಲಸದ ಅಂದಾಜು ಸಿಕ್ಕೀತು. ಎತ್ತರದಲ್ಲಿ ಗಿಡ್ಡ, ಮೈಕಟ್ಟಿನಲ್ಲಿ ತೆಳ್ಳಗಿದ್ದ ಫ್ಲಡ್ ಈ ಜಾಗದಲ್ಲಿ 1963ರಿಂದ 1969ರವರೆಗೆ ಸತತ ಏಳು ವರ್ಷ ಅತ್ಯುತ್ತಮ ಫೀಲ್ಡರ್‌ಗೆ ಸಲ್ಲುವ ‘ಗೋಲ್ಡ್ ಗ್ಲವ್’ ಪಡೆದ. 1966ರ ಇಡೀ ಋತುವಿನಲ್ಲಿ ಅವನ ಲೆಕ್ಕಕ್ಕೆ ಒಂದು ತಪ್ಪೂ ಸೇರಲಿಲ್ಲ. ಕಾರ್ಡಿನಲ್ಸ್ 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ತಂಡದಲ್ಲಿ ಅವನಿದ್ದ. 1968ರ ಸೀರೀಸ್‌ನ ನಿರ್ಣಾಯಕ ಪಂದ್ಯದಲ್ಲಿ ಮಾತ್ರ ಡೆಟ್ರಾಯಿಟ್‌ನ ಜಿಮ್ ನಾರ್ತ್‌ರಪ್ ಹೊಡೆದ ಚೆಂಡಿನ ದೂರವನ್ನು ಆತ ತಪ್ಪಾಗಿ ಅಂದಾಜು ಮಾಡಿದ. ಮುಂದೆ ಬಂದವನು ಹಿಂದೆ ಓಡುವಷ್ಟರಲ್ಲಿ ಚೆಂಡು ತಲೆಯ ಮೇಲಿನಿಂದ ಹಾರಿಹೋಯಿತು. ಎರಡು ರನ್ ಬಂದವು, ಕಾರ್ಡಿನಲ್ಸ್ ಸೋತಿತು. ಎಂದೂ ತಪ್ಪದವನ ಒಂದು ತಪ್ಪನ್ನು ಜನ ಬಹುಕಾಲ ನೆನಪಿಟ್ಟುಕೊಂಡರು.

ಫ್ಲಡ್ ಹುಟ್ಟಿದ್ದು 1938ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಕಪ್ಪು ವರ್ಣದ ಜಾಕಿ ರಾಬಿನ್ಸನ್ 1947ರಲ್ಲಿ ಬಿಳಿಯರ ಲೀಗಿನ ಬಾಗಿಲು ತೆರೆದಿದ್ದ. ಆದರೆ 1956ರಲ್ಲಿ ಹದಿನೆಂಟರ ಹುಡುಗ ಫ್ಲಡ್ ದಕ್ಷಿಣದ ರಾಜ್ಯಗಳ ಕೆಳದರ್ಜೆಯ ತಂಡಗಳಿಗೆ ಆಡಲು ಹೋದಾಗ ಕಂಡದ್ದು ಬೇರೆಯೇ ಜಗತ್ತು. ಜೊತೆಯ ಬಿಳಿಯ ಆಟಗಾರರು ಹೋಟೆಲಿನೊಳಗೆ ಕುಳಿತು ಉಣ್ಣುವಾಗ ಇವನಿಗೆ ಹಿಂಬಾಗಿಲು. ಒಮ್ಮೆ ಒಂದೇ ದಿನ ಎರಡು ಪಂದ್ಯಗಳಿದ್ದಾಗ, ನಡುವಿನ ವಿರಾಮದಲ್ಲಿ ಎಲ್ಲರಂತೆ ಇವನೂ ಬೆವರಿನ ಬಟ್ಟೆಯನ್ನು ಒಗೆಯುವ ರಾಶಿಗೆ ಎಸೆದ. ಬಟ್ಟೆ ನೋಡಿಕೊಳ್ಳುವವನು ಕಿರುಚಾಡಿ, ಉದ್ದನೆಯ ಕೋಲಿನಿಂದ ಇವನದನ್ನು ಮಾತ್ರ ಎತ್ತಿ ತೆಗೆದು, ಕಪ್ಪು ಜನರ ಲಾಂಡ್ರಿಗೆ ಕಳುಹಿಸಿದ. ಬಟ್ಟೆ ಮರಳಿ ಬರುವವರೆಗೆ ಹುಡುಗ ಬೆತ್ತಲೆ ಕುಳಿತಿರಬೇಕಾಯಿತು. ಮೈಗೆ ಅಂಟಿದ ಬಟ್ಟೆಗೂ ಜಾತಿ ಇದ್ದ ಕಾಲ ಅದು! ಮುಂದೆ 1962ರಲ್ಲಿ ಮಿಸಿಸಿಪಿಯ ಜಾಕ್ಸನ್‌ನಲ್ಲಿ ನಾಗರಿಕ ಹಕ್ಕುಗಳ ಸಭೆಯೊಂದರಲ್ಲಿ ಫ್ಲಡ್ ರಾಬಿನ್ಸನ್ ಜೊತೆ ವೇದಿಕೆ ಏರಿದ್ದಕ್ಕೆ ಈ ಅನುಭವವೇ ಕಾರಣವೆಂದರೆ ತಪ್ಪಾಗದು.

1969ರ ಹೊತ್ತಿಗೆ ಅವನ ವಾರ್ಷಿಕ ಸಂಬಳ 90 ಸಾವಿರ ಡಾಲರ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹಾಗಿದ್ದೂ ಅವನನ್ನು ಕಟ್ಟಿಹಾಕಿದ್ದು ಪ್ರತಿಯೊಬ್ಬ ಆಟಗಾರನ ಕರಾರಿನಲ್ಲಿರುತ್ತಿದ್ದ ‘ರಿಸರ್ವ್ ಕ್ಲಾಸ್’ ಎಂಬ ಷರತ್ತು. ಅದರ ಬೇರು 1879ರಷ್ಟು ಹಳೆಯದು. ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೂ ತಂಡ ಹಳೆಯ ಕರಾರನ್ನು ಒಂದು ವರ್ಷ ಮುಂದುವರಿಸಬಹುದು ಎಂದು ಷರತ್ತು ಹೇಳುತ್ತಿತ್ತು. ಮುಂದುವರಿದ ಕರಾರಿನಲ್ಲೂ ಅದೇ ಷರತ್ತು ಇರುವುದರಿಂದ ಅದನ್ನು ಮತ್ತೊಂದು ವರ್ಷ, ಮಗದೊಂದು ವರ್ಷ ಎಳೆಯಬಹುದೆಂದು ಮಾಲೀಕರು ಅರ್ಥ ಮಾಡಿದರು. ಹೀಗೆ ಒಮ್ಮೆ ಸಹಿ ಹಾಕಿದವನು ಆಟ ಬಿಡುವವರೆಗೂ ಆ ತಂಡದ ಸ್ವತ್ತು. ತಂಡ ಅವನನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು, ಮನೆಗೆ ಕಳಿಸಬಹುದು. ಅವನು ಮಾತ್ರ ಬೇರೆ ತಂಡದ ಬಾಗಿಲು ತಟ್ಟುವಂತಿಲ್ಲ.

ಬೇರೆ ಯಾವ ಉದ್ದಿಮೆಯಲ್ಲೂ ಇದು ನಡೆಯುತ್ತಿರಲಿಲ್ಲ. ಏಕಸ್ವಾಮ್ಯ ವಿರೋಧಿ ಕಾನೂನು ಅಡ್ಡ ಬರುತ್ತಿತ್ತು. ಆದರೆ ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವಲ್ಲ, ಆಯಾ ಊರಿನ ಪ್ರದರ್ಶನ ಮಾತ್ರ, ಆದ್ದರಿಂದ ಆ ಕಾನೂನು ಅದಕ್ಕೆ ತಟ್ಟದು ಎಂದು 1922ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಬರೆದಾತ ಹೆಸರಾಂತ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ರೇಡಿಯೋ, ಟೆಲಿವಿಷನ್ ಬಂದು, ತಂಡಗಳು ವಿಮಾನದಲ್ಲಿ ಹಾರುವ ಕಾಲ ಬಂದರೂ 1953ರಲ್ಲಿ ಅದೇ ಕೋರ್ಟು ಹಳೆಯ ತೀರ್ಪನ್ನೇ ಎತ್ತಿಹಿಡಿಯಿತು. ತಮಾಷೆಯೆಂದರೆ ಬಾಕ್ಸಿಂಗ್, ಫುಟ್‌ಬಾಲ್‌ಗಳಿಗೆ ಇದೇ ರಿಯಾಯಿತಿ ಕೇಳಿದಾಗ ಸಿಗಲಿಲ್ಲ.

ಈ ಕೋಟೆಗೆ ಡಿಕ್ಕಿ ಹೊಡೆಯುವ ಮುನ್ನ ಫ್ಲಡ್ ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್‌ನನ್ನು ಕಂಡ. ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿ ಬಂದಿದ್ದ ಮಿಲ್ಲರ್ ಏನನ್ನೂ ಮುಚ್ಚಿಡಲಿಲ್ಲ. ಗೆಲ್ಲುವ ಸಂಭವ ತೀರಾ ಕಡಿಮೆ. ಗೆದ್ದರೂ ನಿನಗೆ ಲಾಭವಾಗದು. ಆಟದ ಬದುಕು ಇಲ್ಲಿಗೆ ಮುಗಿದಂತೆ ಎಂದ. ತನ್ನ ನಂತರದವರಿಗೆ ಒಳಿತಾಗುತ್ತದೆಯೇ ಎಂದಷ್ಟೇ ಫ್ಲಡ್ ಕೇಳಿದ. ಪೋರ್ಟೊ ರಿಕೋದಲ್ಲಿ ಸೇರಿದ ಸಂಘದ ಸಭೆಯಲ್ಲಿ, ನೀನು ಕಪ್ಪು ಮನುಷ್ಯನೆಂದು ಇದನ್ನು ಮಾಡುತ್ತಿದ್ದೀಯಾ ಎಂಬ ಪ್ರಶ್ನೆ ಬಂತು. ಕಪ್ಪು ಜನ ಹೆಚ್ಚು ಅನುಭವಿಸಿದ್ದಾರೆ ನಿಜ, ಆದರೆ ಇದನ್ನು ಎಲ್ಲ ಆಟಗಾರರಿಗಾಗಿ ಮಾಡುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟ. ಸಂಘ ಒಮ್ಮತದಿಂದ ಬೆಂಬಲ ಸೂಚಿಸಿತು.

1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಫ್ಲಡ್ ಪತ್ರ ಬರೆದ. ತಾನು ಇಷ್ಟಾನಿಷ್ಟ ಕೇಳದೆ ಕೊಳ್ಳುವ, ಮಾರುವ ಸ್ವತ್ತಲ್ಲ. ಬೇರೆ ತಂಡಗಳ ಆಹ್ವಾನವನ್ನು ಪರಿಶೀಲಿಸುವ ಹಕ್ಕು ತನಗಿದೆ ಎಂಬುದು ಅದರ ಸಾರ. ಕೂನ್‌ನ ಉತ್ತರ ನಯವಾಗಿತ್ತು. ಮನುಷ್ಯನಾಗಿ ನೀವು ಸ್ವತ್ತಲ್ಲವೆಂಬುದನ್ನು ಒಪ್ಪುತ್ತೇನೆ, ಆದರೆ ಈ ವಿಷಯಕ್ಕೂ ಅದಕ್ಕೂ ಏನು ಸಂಬಂಧ ತಿಳಿಯದು ಎಂದ. ಜನವರಿಯಲ್ಲಿ ಟೆಲಿವಿಷನ್ ಸಂದರ್ಶಕನೊಬ್ಬ 90 ಸಾವಿರ ಡಾಲರ್ ಪಡೆಯುವವನು ಗುಲಾಮನೇ ಎಂದು ಕೆಣಕಿದಾಗ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂದು ಫ್ಲಡ್ ಹೇಳಿಬಿಟ್ಟ. ಈ ಮಾತು ಅನೇಕರಿಗೆ ಹಿಡಿಸಲಿಲ್ಲ. ಬೆದರಿಕೆಯ ಪತ್ರಗಳು ಬಂದವು.

ಅದೇ ತಿಂಗಳು ದಾವೆ ದಾಖಲಾಯಿತು. 1970ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆದಾಗ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದ್ದ ಜಾಕಿ ರಾಬಿನ್ಸನ್ ನಿಧಾನವಾಗಿ ನಡೆದು ಬಂದು ಸಾಕ್ಷಿ ನುಡಿದ. ಹಳೆಯ ಹೊಡೆತಗಾರ ಹ್ಯಾಂಕ್ ಗ್ರೀನ್‌ಬರ್ಗ್ ಕೂಡ ಬಂದ. ಆದರೆ ಆಗ ಆಡುತ್ತಿದ್ದ ಒಬ್ಬ ಆಟಗಾರನೂ ನ್ಯಾಯಾಲಯದಲ್ಲಿ ಕಾಣಿಸಲಿಲ್ಲ. ಆಪ್ತ ಗೆಳೆಯರೂ ಬರಲಿಲ್ಲ. ಅವರನ್ನು ದೂರುವುದು ಸುಲಭ. ಮಾಲೀಕರ ಕಣ್ಣಿಗೆ ಬಿದ್ದರೆ ಅನ್ನಕ್ಕೇ ಕುತ್ತು ಎಂಬ ಭಯ ಸುಳ್ಳಾಗಿರಲಿಲ್ಲ. ಫ್ಲಡ್‌ನನ್ನು ಕೊನೆಯವರೆಗೆ ನೋಯಿಸಿದ್ದು ಮಾತ್ರ ಬಹುಶಃ ತೀರ್ಪಿಗಿಂತ ಈ ಖಾಲಿ ಬೆಂಚುಗಳೇ.

ಕೆಳ ನ್ಯಾಯಾಲಯಗಳಲ್ಲಿ ಸೋತ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಹಿಂದೆ ಅದೇ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್ಥರ್ ಗೋಲ್ಡ್‌ಬರ್ಗ್ ಫ್ಲಡ್‌ನ ವಕೀಲ. ಅವನ ವಾದ ಅಂದು ತೀರಾ ತಡವರಿಸಿತು. 1972ರ ಜೂನ್ 19ರಂದು 5-3ರಿಂದ ಫ್ಲಡ್ ಸೋತ. ಕಾರ್ಡಿನಲ್ಸ್ ತಂಡದ ಒಡೆತನವಿದ್ದ ಬಿಯರ್ ಕಂಪನಿಯಲ್ಲಿ ಷೇರುಗಳಿದ್ದ ಕಾರಣ ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದ. ಬಹುಮತದ ತೀರ್ಪು ಬರೆದ ಹ್ಯಾರಿ ಬ್ಲಾಕ್‌ಮನ್ ಬೇಸ್‌ಬಾಲ್‌ನ ಹಿರಿಮೆಯನ್ನು ಹಾಡಿ, ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ಪಟ್ಟಿ ಮಾಡಿದ. ಬಳಿಕ, ಬೇಸ್‌ಬಾಲ್‌ಗಿರುವ ರಿಯಾಯಿತಿ ಅಸಂಗತವೆಂದು ತಾನೇ ಒಪ್ಪಿಕೊಂಡು, ಅದನ್ನು ಸರಿಪಡಿಸುವ ಕೆಲಸ ಸಂಸತ್ತಿನದು ಎಂದು ಕೈತೊಳೆದುಕೊಂಡ. ಕಾಯಿಲೆ ಇದೆಯೆಂದು ಒಪ್ಪಿ ಔಷಧಿ ಕೊಡದೆ ಕಳಿಸಿದ ವೈದ್ಯನ ರೀತಿ.

ಅಷ್ಟರಲ್ಲಿ ಫ್ಲಡ್‌ನ ಆಟ ಮುಗಿದಿತ್ತು. 1970ರ ಋತು ಪೂರ್ತಿ ಆಡದೆ ಕಳೆದ. ಸಾಲದ ಒತ್ತಡದಿಂದ 1971ರಲ್ಲಿ ವಾಷಿಂಗ್ಟನ್ ಸೆನೇಟರ್ಸ್ ಸೇರಿದ. ಕಾಲು ಹಿಂದಿನ ವೇಗ ಕಳೆದುಕೊಂಡಿತ್ತು. ಹದಿಮೂರು ಪಂದ್ಯಗಳಲ್ಲಿ ಏಳೇ ಹಿಟ್. ಏಪ್ರಿಲ್ ಮುಗಿಯುವ ಮುನ್ನ ಮಾಲೀಕನಿಗೆ ತಂತಿ ಕಳಿಸಿ ವಿಮಾನ ಹತ್ತಿ ಯುರೋಪಿಗೆ ಹೋಗಿಬಿಟ್ಟ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸಿದ. ಕುಡಿತ ಅವನನ್ನು ನುಂಗುತ್ತಾ ಬಂತು.

ಅವನು ತೆರೆದಿಟ್ಟ ಬಿರುಕು ಇತ್ತ ದೊಡ್ಡದಾಗುತ್ತಿತ್ತು. ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿರುವ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂದು 1973ರಲ್ಲಿ ಮಾಲೀಕರು ಒಪ್ಪಿದರು. ಈ ನಿಯಮ 1969ರಲ್ಲೇ ಇದ್ದಿದ್ದರೆ ಫ್ಲಡ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಆಟಗಾರರ ವಿವಾದದಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ‘ಒಂದು ವರ್ಷ ಎಂದರೆ ಒಂದೇ ವರ್ಷ’ ಎಂಬರ್ಥದ ತೀರ್ಪು ಕೊಟ್ಟ. ಸುಮಾರು ತೊಂಬತ್ತಾರು ವರ್ಷದ ಬೇಲಿ ಹೀಗೆ ಬಿತ್ತು. 1990ರ ದಶಕದಲ್ಲಿ ಆಟಗಾರರ ಸರಾಸರಿ ಸಂಬಳವೇ ಹತ್ತು ಲಕ್ಷ ಡಾಲರ್ ದಾಟಿತು. ಅದರಲ್ಲಿ ಒಂದು ಡಾಲರೂ ಫ್ಲಡ್‌ಗೆ ಬರಲಿಲ್ಲ.

ಓಕ್‌ಲ್ಯಾಂಡ್‌ಗೆ ಮರಳಿ, ನಿಧಾನವಾಗಿ ಕುಡಿತದಿಂದ ಹೊರಬಂದ ಫ್ಲಡ್ 1994ರ ಮುಷ್ಕರದ ದಿನಗಳಲ್ಲಿ ಆಟಗಾರರ ಸಭೆಯೊಂದರಲ್ಲಿ ಮಾತನಾಡಿದಾಗ ಹೊಸ ತಲೆಮಾರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. 1997ರ ಜನವರಿ 20ರಂದು, ಐವತ್ತೊಂಬತ್ತು ತುಂಬಿದ ಎರಡೇ ದಿನಕ್ಕೆ, ಗಂಟಲಿನ ಕ್ಯಾನ್ಸರ್‌ನಿಂದ ನರಳುತ್ತಿದ್ದ ಆತ ತೀರಿಕೊಂಡ. ಬ್ಲಾಕ್‌ಮನ್ ಸಂಸತ್ತಿಗೆ ದಾಟಿಸಿದ್ದ ಕೆಲಸ ಮರುವರ್ಷ ನಡೆಯಿತು. ದೊಡ್ಡ ಲೀಗಿನ ಆಟಗಾರರಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ರಕ್ಷಣೆ ಕೊಟ್ಟ 1998ರ ಕಾಯಿದೆಗೆ ಕರ್ಟ್ ಫ್ಲಡ್‌ನ ಹೆಸರನ್ನೇ ಇಟ್ಟರು.

ಬೇಸ್‌ಬಾಲ್‌ನ ಮಹನೀಯರ ಹೆಸರುಗಳನ್ನು ಕೆತ್ತಿಡುವ ಹಾಲ್ ಆಫ್ ಫೇಮ್ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿದೆ. ಫ್ಲಡ್‌ನ ಕೋರಿಕೆಯನ್ನು ತಳ್ಳಿಹಾಕಿದ ಕೂನ್‌ಗೆ 2008ರಲ್ಲಿ ಅಲ್ಲಿ ಜಾಗ ಸಿಕ್ಕಿತು. ಸೋಲುತ್ತೀಯ ಎಂದು ಎಚ್ಚರಿಸಿಯೂ ಬೆನ್ನಿಗೆ ನಿಂತ ಮಿಲ್ಲರ್‌ಗೆ 2021ರಲ್ಲಿ ಸಿಕ್ಕಿತು. 1969ರ ಆ ವಿನಿಮಯದಲ್ಲಿ ಫಿಲಡೆಲ್ಫಿಯಾದಿಂದ ಸೇಂಟ್ ಲೂಯಿಸ್‌ಗೆ ಬಂದ ಡಿಕ್ ಆ್ಯಲನ್‌ಗೆ, ಅವನು ತೀರಿಕೊಂಡ ಮೇಲೆ, 2025ರಲ್ಲಿ ಸಿಕ್ಕಿತು. ಫ್ಲಡ್‌ಗೆ ಪತ್ರಕರ್ತರ ಮತದಾನದಲ್ಲಿ ಕೊನೆಯ ಅವಕಾಶವಿದ್ದದ್ದು 1996ರಲ್ಲಿ. ಶೇಕಡಾ 75 ಮತ ಬೇಕಿತ್ತು. ಬಂದದ್ದು ಸುಮಾರು 15.