ತಾಳ್ಮೆಯ ನಂಬರು

ಪೆಟ್ರೋಲ್ ಬಂಕಿನಲ್ಲಿ "ಸಾರ್, ನಾರ್ಮಲ್ಲಾ, ಪವರ್ರಾ?" ಅಂತ ಕೇಳ್ತಾರಲ್ಲ, ಆ 'ಪವರ್' ಅನ್ನೋ ಪದವೇ ಅರ್ಧ ಗೊಂದಲಕ್ಕೆ ಕಾರಣ. ಜಾಸ್ತಿ ಆಕ್ಟೇನ್ ಅಂದ್ರೆ ಜಾಸ್ತಿ ಶಕ್ತಿ ಇರೋ ಪೆಟ್ರೋಲ್ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ. ಒಂದು ಲೀಟರ್ 91 ಆಕ್ಟೇನ್ ಪೆಟ್ರೋಲಿಗೂ 100 ಆಕ್ಟೇನ್ ಪೆಟ್ರೋಲಿಗೂ ಒಳಗಿರುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆಕ್ಟೇನ್ ನಂಬರು ಅಳೆಯೋದು ಪೆಟ್ರೋಲಿನ ತಾಳ್ಮೆಯನ್ನು.

ಏನು ತಾಳ್ಮೆ? ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತಾ ಹೋಗುತ್ತದೆ. ಮೂಲೆಯಲ್ಲಿರುವ ಕೊನೆಯ ಮಿಶ್ರಣ ತನ್ನ ಸರದಿ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಒತ್ತಡವೂ ಬಿಸಿಯೂ ಏರಿ, ಕಾಯಲಾರದೆ ಅದು ತಾನೇ ಸಿಡಿದರೆ 'ಟಕ್ ಟಕ್' ಅಂತ ಲೋಹ ಬಡಿದ ಸದ್ದು. ಅದೇ ನಾಕಿಂಗ್. ಒಂದೆರಡು ಸಲ ಆದರೆ ಪರವಾಗಿಲ್ಲ. ಜೋರಾಗಿ, ಸತತವಾಗಿ ಆದರೆ ಪಿಸ್ಟನ್ ತೂತು ಬೀಳುತ್ತದೆ. ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಜಾಸ್ತಿ ಹೊತ್ತು ಕಾಯುತ್ತದೆ.

ಇಂಜಿನ್ನಿನಿಂದ ಹೆಚ್ಚು ಕೆಲಸ ತೆಗೆಯಬೇಕು ಅಂದ್ರೆ ಈ ಮಿಶ್ರಣವನ್ನು ಇನ್ನಷ್ಟು ಅದುಮಬೇಕು. ಅದಕ್ಕೆ ದಾರಿ ಎರಡು. ನ್ಯಾಚುರಲಿ ಆಸ್ಪಿರೇಟೆಡ್, ಅಂದರೆ ತಾನಾಗಿ ಉಸಿರೆಳೆಯುವ ಎನ್‌ಎ ಇಂಜಿನ್ನಿನಲ್ಲಿ ಕಂಪ್ರೆಷನ್ ರೇಷಿಯೋ ಏರಿಸಬೇಕು. ಇದು ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ಡಿನ ಆಕಾರದಲ್ಲೇ ಕೂತಿರುವ ಲೆಕ್ಕ, ಫ್ಯಾಕ್ಟರಿಯಲ್ಲಿ ಒಮ್ಮೆ ನಿಗದಿಯಾದರೆ ಮುಗೀತು. ಟರ್ಬೊ ಇಂಜಿನ್ನಿನಲ್ಲಿ ಹಾಗಲ್ಲ. ಹೊಗೆಯ ರಭಸದಲ್ಲಿ ತಿರುಗುವ ಚಕ್ರವೊಂದು ಹೊರಗಿನ ಗಾಳಿಯನ್ನು ಮೊದಲೇ ಒತ್ತಿ ಒಳಗೆ ತುರುಕುತ್ತದೆ. ಎಷ್ಟು ತುರುಕಬೇಕು ಅನ್ನೋದನ್ನು, ಅಂದರೆ ಬೂಸ್ಟನ್ನು, ಓಡುತ್ತಿರುವಾಗಲೇ ಏರಿಸಬಹುದು, ಇಳಿಸಬಹುದು. ಒಂದಕ್ಕೆ ಆಕ್ಟೇನ್ ಜೊತೆಗಿನ ಒಪ್ಪಂದ ಲೋಹದಲ್ಲಿ ಬರೆದದ್ದು, ಇನ್ನೊಂದಕ್ಕೆ ದಿನಾ ಚೌಕಾಸಿ. ಸ್ಪೋರ್ಟ್ಸ್ ಕಾರುಗಳ ಚರಿತ್ರೆಯ ಎಷ್ಟೋ ತಿರುವುಗಳು ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಶುರುವಿನಲ್ಲಿ ಪೆಟ್ರೋಲ್ ಎಷ್ಟು ಕೆಟ್ಟದಾಗಿತ್ತು ಅಂದ್ರೆ, ಫೋರ್ಡ್ ಮಾಡೆಲ್ ಟಿ ಕಾರಿನ ಕಂಪ್ರೆಷನ್ ರೇಷಿಯೋವನ್ನು ಒಂದು ಹಂತದಲ್ಲಿ 3.98:1ಕ್ಕೆ ಇಳಿಸಿದ್ದರು. 2.9 ಲೀಟರ್ ಇಂಜಿನ್, ಬರೀ 20 ಹಾರ್ಸ್‌ಪವರ್! ನಾಕಿಂಗ್ ಯಾಕೆ ಆಗುತ್ತದೆ ಅಂತಲೇ ಆಗ ಸರಿಯಾಗಿ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ಇದು ಇಂಧನದ ಗುಣ ಅಂತ ಹಿಡಿದು, ಓಡುತ್ತಿರುವಾಗಲೇ ಕಂಪ್ರೆಷನ್ ಬದಲಿಸಬಲ್ಲ ಪರೀಕ್ಷಾ ಇಂಜಿನ್ ಕಟ್ಟಿ, ಒಂದೊಂದು ದ್ರವವನ್ನೂ ಸುಟ್ಟು ನೋಡಿದ. ಟೊಲ್ವಿನ್ ಅನ್ನೋ ದ್ರವ ಅಸಾಧ್ಯ ತಾಳ್ಮೆಯದ್ದು ಅಂತ ಅವನಿಗೆ ಗೊತ್ತಾಯಿತು. ಈ ಟೊಲ್ವಿನ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಕೈಕೆಳಗಿನ ಥಾಮಸ್ ಮಿಜ್‌ಲಿ ಇದೇ ಸಮಸ್ಯೆಯ ಬೆನ್ನು ಬಿದ್ದಿದ್ದರು. ಕೆಂಪು ಬಣ್ಣ ಬಿಸಿಯನ್ನು ಬೇಗ ಹೀರುತ್ತದೆ, ಇಂಧನಕ್ಕೆ ಕೆಂಪು ಹಾಕಿದರೆ ಬೇಗ ಆವಿಯಾಗಿ ನಾಕಿಂಗ್ ನಿಲ್ಲಬಹುದು ಅಂತ ಅವರ ಊಹೆ. ಉಗ್ರಾಣದಲ್ಲಿ ಕೆಂಪು ಬಣ್ಣ ಇರಲಿಲ್ಲ, ಅಯೋಡಿನ್ ಇತ್ತು. ಅದನ್ನೇ ಸುರಿದರು. ನಾಕಿಂಗ್ ನಿಂತಿತು! ಆಮೇಲೆ ನಿಜವಾದ ಕೆಂಪು ಬಣ್ಣಗಳನ್ನು ಹಾಕಿದರೆ ಏನೂ ಆಗಲಿಲ್ಲ. ಊಹೆ ತಪ್ಪು, ಫಲಿತಾಂಶ ಸರಿ. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಸುರಿದು ನೋಡುತ್ತಾ 1921ರ ಡಿಸೆಂಬರ್ 9ರಂದು ಮಿಜ್‌ಲಿ ಬಂದು ನಿಂತದ್ದು ಟೆಟ್ರಾಈಥೈಲ್ ಲೆಡ್ ಹತ್ತಿರ. ಸೀಸ. ಚಿಟಿಕೆಯಷ್ಟು ಸಾಕು, ಪೆಟ್ರೋಲಿಗೆ ಎಲ್ಲಿಲ್ಲದ ತಾಳ್ಮೆ.

ಸೀಸ ವಿಷ ಅನ್ನೋದು ಆಗಲೇ ಗೊತ್ತಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಐದು ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಅದೇ ತಿಂಗಳ ಕೊನೆಗೆ ಮಿಜ್‌ಲಿ ಪತ್ರಕರ್ತರ ಮುಂದೆ ನಿಂತು, ಆ ದ್ರವದಲ್ಲಿ ಕೈ ತೊಳೆದು, ಬಾಟಲಿ ಮೂಸಿ, ಏನೂ ಆಗಲ್ಲ ಅಂತ ತೋರಿಸಿದ. ಹಿಂದಿನ ವರ್ಷ ಅದೇ ಸೀಸದ ವಿಷದಿಂದ ಚೇತರಿಸಿಕೊಳ್ಳಲು ತಾನೇ ರಜೆ ಹಾಕಿ ಫ್ಲಾರಿಡಾಕ್ಕೆ ಹೋಗಿದ್ದವನು! ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಅನ್ನೋದು ಇವರಿಗೆಲ್ಲ ಗೊತ್ತೇ ಇತ್ತು. ಆದರೆ ಪೆಟ್ರೋಲಿಗೆ ಆಲ್ಕೋಹಾಲ್ ಬಕೆಟ್‌ಗಟ್ಟಲೆ ಬೇಕು, ಸೀಸ ಚಮಚದಲ್ಲಿ ಸಾಕು, ಮೇಲಾಗಿ ಅದರ ಪೇಟೆಂಟ್ ಕೈಯಲ್ಲಿದೆ. ಇದನ್ನು 'ಅಂದಿನ ಕಾಲಕ್ಕೆ ತಿಳಿಯದೆ ಮಾಡಿದ್ದು' ಅಂತ ಬರೆಯುವವರಿದ್ದಾರೆ. ನಾನಂತೂ ಒಪ್ಪಲ್ಲ.

ಈ ಸೀಸ ಮಾರುತ್ತಿದ್ದ ಈಥೈಲ್ ಕಾರ್ಪೊರೇಷನ್ನಿನ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞನೇ 1926ರ ಹೊತ್ತಿಗೆ ಆಕ್ಟೇನ್ ಅಳತೆಯನ್ನು ರೂಪಿಸಿದ. ಐಸೊ-ಆಕ್ಟೇನಿಗೆ 100, ಪಟ್ಟನೆ ಸಿಡಿಯುವ ಹೆಪ್ಟೇನಿಗೆ 0. ಎರಡನ್ನೂ 95ಕ್ಕೆ 5ರಂತೆ ಬೆರೆಸಿದ ಮಿಶ್ರಣ ಹೇಗೆ ವರ್ತಿಸುತ್ತೋ ಹಾಗೆ ವರ್ತಿಸುವ ಪೆಟ್ರೋಲು 95 ಆಕ್ಟೇನ್. ಅಷ್ಟೇ. (ಯೂಟ್ಯೂಬಿನಲ್ಲಿ ಅಮೆರಿಕದವರು "91 ಹಾಕಿ" ಅಂದರೆ ಅದು ನಮ್ಮ 91 ಅಲ್ಲ. ಅವರು ಬೇರೆ ಬೇರೆ ಎರಡು ಪರೀಕ್ಷೆಗಳ ಸರಾಸರಿ ಬರೆಯುತ್ತಾರೆ, ನಾವು ಬರೆಯುವುದು ಆರ್‌ಒಎನ್ ಎಂಬ ಒಂದೇ ಪರೀಕ್ಷೆಯದ್ದು. ಅವರ 91 ಸುಮಾರಾಗಿ ನಮ್ಮ 95.)

ತಾಳ್ಮೆ ಇರುವ ಇಂಧನ ಸಿಕ್ಕರೆ ಗಾಳಿ ತುರುಕುವ ಇಂಜಿನ್ ಏನು ಮಾಡುತ್ತೆ ಅನ್ನೋದು ಮೊದಲು ಎದ್ದು ಕಂಡದ್ದು ಕಾರಿನಲ್ಲಲ್ಲ, ಯುದ್ಧವಿಮಾನದಲ್ಲಿ. ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಇಂಜಿನ್ನಿಗೆ ಟರ್ಬೊ ಬದಲು ಸೂಪರ್‌ಚಾರ್ಜರ್ ಇತ್ತು, ಅಂದರೆ ಹೊಗೆಯ ಬದಲು ಇಂಜಿನ್ನೇ ಗಿಯರ್ ಮೂಲಕ ತಿರುಗಿಸುವ ಚಕ್ರ. ತತ್ವ ಒಂದೇ. 1940ರಲ್ಲಿ 87 ಆಕ್ಟೇನ್ ಬಿಟ್ಟು 100 ಆಕ್ಟೇನ್ ಹಾಕಿದಾಗ ಬೂಸ್ಟನ್ನು ಆರೂಕಾಲು ಪೌಂಡಿನಿಂದ 12 ಪೌಂಡಿಗೆ ಏರಿಸಲು ಸಾಧ್ಯವಾಯಿತು. ಸಾವಿರದ ಆಸುಪಾಸಿನಲ್ಲಿದ್ದ ಹಾರ್ಸ್‌ಪವರ್ 1300 ದಾಟಿತು. ಇಂಜಿನ್ ಹೆಚ್ಚುಕಡಿಮೆ ಅದೇ, ಬದಲಾದದ್ದು ಟ್ಯಾಂಕಿನಲ್ಲಿದ್ದದ್ದು.

ಇದರ ಪಕ್ಕದಲ್ಲಿ ಎನ್‌ಎ ಇಂಜಿನ್ನಿನ ಒಂದು ಲೆಕ್ಕ ಇಟ್ಟು ನೋಡಿ, ಕಥೆ ತಿರುವುಮುರುವು. 1970ರ ಶೆವ್ರೊಲೆ ಕಾರ್ವೆಟ್‌ನ ಎಲ್‌ಟಿ-1 ಇಂಜಿನ್ನಿಗೆ 11:1 ಕಂಪ್ರೆಷನ್, 370 ಹಾರ್ಸ್‌ಪವರ್. ಸೀಸ ಕಡಿಮೆ ಮಾಡುವ ಕಾಲ ಹತ್ತಿರ ಬಂತು ಅಂತ ಜನರಲ್ ಮೋಟಾರ್ಸ್ 1971ರ ಮಾಡೆಲ್‌ಗಳನ್ನು ಕಡಿಮೆ ಆಕ್ಟೇನಿಗೆ ಹೊಂದಿಸಿತು. ಅದೇ ಎಲ್‌ಟಿ-1 ಈಗ 9:1, 330 ಹಾರ್ಸ್‌ಪವರ್. ಆ ಕಾರಿಗೆ ನೀವು ಎಂಥಾ ಒಳ್ಳೆ ಪೆಟ್ರೋಲ್ ಸುರಿದರೂ ಕಳೆದುಹೋದ 40 ವಾಪಸ್ ಬರಲ್ಲ, ಯಾಕಂದ್ರೆ ಪಿಸ್ಟನ್ನೇ ಬದಲಾಗಿದೆ. ಎನ್‌ಎ ಇಂಜಿನ್ನಿಗೆ ಆಕ್ಟೇನ್ ಒಂದು ಹೊಸ್ತಿಲು ಇದ್ದ ಹಾಗೆ. ಹೊಸ್ತಿಲಿನ ಎತ್ತರ ಮುಟ್ಟಬೇಕು, ಅದಕ್ಕಿಂತ ಮೇಲೆ ಹಾರಿದರೆ ಪ್ರಯೋಜನ ಏನೂ ಇಲ್ಲ.

ಹಾಗಂತ ಟರ್ಬೊ ಕಾರುಗಳಿಗೆ ಶುರುವಿನಿಂದಲೇ ಸುಖವಿತ್ತು ಅಂದ್ಕೋಬೇಡಿ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿಕೊಂಡ ಮೊದಲ ಕಾರುಗಳಲ್ಲಿ ಒಂದು. ಅದರ ಇಂಜಿನಿಯರುಗಳಿಗೆ ಎರಡೂ ಬೇಕಿತ್ತು: 10.25:1ರ ಕಂಪ್ರೆಷನ್ನೂ ಬೇಕು, ಟರ್ಬೊನೂ ಬೇಕು. ಅಂದಿನ ಪೆಟ್ರೋಲ್ ಇದನ್ನು ತಡೆಯುವ ಹಾಗಿರಲಿಲ್ಲ. ಹಾಗಾಗಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಿಂದ ಸಿಂಪಡಿಸಿ ಒಳಗೆ ತಂಪು ಮಾಡಿದರು. ಅದಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಅಂತ ಹೆಸರು! ದ್ರವ ಖಾಲಿಯಾದರೆ ಬೂಸ್ಟ್ ತಾನಾಗಿ ಕಡಿತವಾಗುವ ವ್ಯವಸ್ಥೆಯೂ ಇತ್ತು. ಕೊಂಡವರು ತುಂಬಿಸುವುದನ್ನೇ ಮರೆತರು. ಎರಡು ವರ್ಷದಲ್ಲಿ ಆ ಕಾರಿನ ಕಥೆ ಮುಗಿಯಿತು. ಪಾಪ, ಐಡಿಯಾ ಸರಿಯಾಗೇ ಇತ್ತು, ಆದರೆ ಕಾರಿಗೆ ಎರಡೆರಡು ಟ್ಯಾಂಕ್ ತುಂಬಿಸಿ ಅಂದ್ರೆ ಯಾರು ಕೇಳ್ತಾರೆ?

ಜರ್ಮನ್ನರು ಸರಳ ದಾರಿ ಹಿಡಿದರು: ಟರ್ಬೊ ಇಡಿ, ಕಂಪ್ರೆಷನ್ ಇಳಿಸಿ. 1973ರ ಬಿಎಂಡಬ್ಲ್ಯು 2002 ಟರ್ಬೊಗೆ 6.9:1. 1975ರ ಪೋರ್ಶೆ 911 ಟರ್ಬೊಗೆ 6.5:1, ಅದಕ್ಕೆ ಎರಡು ವರ್ಷ ಮೊದಲಿನ ಎನ್‌ಎ 911 ಕರೆರಾ ಆರ್‌ಎಸ್‌ಗೆ 8.5:1. ಹಳೇ 911 ಟರ್ಬೊ ಬಗ್ಗೆ ಕೇಳಿರ್ತೀರಿ: ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಬೆನ್ನಿಗೆ ಒದ್ದ ಹಾಗೆ. ಆ ಟರ್ಬೊ ಲ್ಯಾಗಿಗೆ ಭಾರದ ಚಕ್ರ ಒಂದು ಕಾರಣ, ಆದರೆ ಆಕ್ಟೇನಿನ ಪಾಲೂ ಇದೆ. ಬೂಸ್ಟ್ ಬಂದಾಗ ನಾಕಿಂಗ್ ಆಗಬಾರದು ಅಂತ ಕಂಪ್ರೆಷನ್ ಇಳಿಸಿದ್ದಾರೆ, ಹಾಗಾಗಿ ಬೂಸ್ಟ್ ಬರುವ ತನಕ ಆ ಇಂಜಿನ್ ಸೋಮಾರಿ. ಪೆಟ್ರೋಲಿಗೆ ತಾಳ್ಮೆ ಕಡಿಮೆ ಇದ್ದದ್ದಕ್ಕೆ ಡ್ರೈವರ್ ತಾಳ್ಮೆಯಿಂದ ಕಾಯಬೇಕಾಯಿತು.

ಬಿಡಿಸಿದ್ದು ಸ್ವೀಡನ್ನಿನ ಸಾಬ್. ಪೆರ್ ಗಿಲ್‌ಬ್ರಾಂಡ್ ಮತ್ತು ಅವನ ತಂಡ ಎಂಬತ್ತರ ದಶಕದ ಶುರುವಿನಲ್ಲಿ ಇಂಜಿನ್ ಬ್ಲಾಕಿಗೆ ಒಂದು ಪುಟ್ಟ 'ಕಿವಿ' ಅಂಟಿಸಿದರು, ನಾಕ್ ಸೆನ್ಸರ್. ನಾಕಿಂಗ್ ಸದ್ದು ಕೇಳಿದ ಕೂಡಲೇ ಬೂಸ್ಟ್ ಇಳಿಸು, ಕೇಳದಿದ್ದರೆ ಏರಿಸು. ಎಪಿಸಿ ಅಂತ ಅದರ ಹೆಸರು. ಅಂದಿನಿಂದ ಕಾರು ತನಗೆ ಕುಡಿಸಿದ ಪೆಟ್ರೋಲ್ ಎಂಥದ್ದು ಅಂತ ತಾನೇ ತಿಳಿದುಕೊಂಡು ನಡೆಯತೊಡಗಿತು. ಇವತ್ತಿನ ಟರ್ಬೊ ಕಾರುಗಳೆಲ್ಲ ಈ ಕಿವಿಯ ಮೊಮ್ಮಕ್ಕಳೇ.

ಇದೇ ಹೊತ್ತಿಗೆ ಫಾರ್ಮುಲಾ ಒನ್‌ನಲ್ಲಿ ದೊಡ್ಡ ಕುಸ್ತಿ. 3 ಲೀಟರಿನ ಎನ್‌ಎ ಅಥವಾ 1.5 ಲೀಟರಿನ ಟರ್ಬೊ, ಯಾವುದಾದರೂ ಸರಿ ಅಂತ ನಿಯಮ. 1977ರಲ್ಲಿ ರೆನೊ ಟರ್ಬೊ ಕಾರು ತಂದಾಗ ಅದು ಹೊಗೆಯಾಡುವುದನ್ನು ನೋಡಿ 'ಹಳದಿ ಟೀ ಪಾಟ್' ಅಂತ ನಕ್ಕರು. 1983ರಲ್ಲಿ ಬಿಎಂಡಬ್ಲ್ಯು ಟರ್ಬೊ ಇಂಜಿನ್ನಿನಲ್ಲಿ ನೆಲ್ಸನ್ ಪಿಕೆ ಚಾಂಪಿಯನ್ ಆದಾಗ ನಗು ನಿಂತಿತು. ಗುಟ್ಟಿನ ಒಂದು ಭಾಗ ಟ್ಯಾಂಕಿನಲ್ಲಿತ್ತು: ರಿಕಾರ್ಡೊ ಆಗಲೇ ಗುರುತಿಸಿದ್ದ ಟೊಲ್ವಿನ್. ಇಂಧನ 102 ಆರ್‌ಒಎನ್ ಮೀರಬಾರದು ಅಂತ ನಿಯಮ, ಟೊಲ್ವಿನ್ ಒಂದೇ ಹಾಕಿದರೆ ಮೀರುತ್ತದೆ. 1988ರಲ್ಲಿ ಹೋಂಡಾದವರು ಏನು ಮಾಡಿದರು ಗೊತ್ತಾ? 84 ಪಾಲು ಟೊಲ್ವಿನ್, 16 ಪಾಲು ಹೆಪ್ಟೇನ್. ಹೌದು, ಎಡ್ಗರ್ ಸೊನ್ನೆ ಕೊಟ್ಟಿದ್ದ ಅದೇ ಹೆಪ್ಟೇನ್, ಬರೀ ನಂಬರನ್ನು 102ಕ್ಕೆ ಇಳಿಸಲಿಕ್ಕೆ! ಟೊಲ್ವಿನ್ ಸುಲಭವಾಗಿ ಆವಿಯಾಗಲ್ಲ, ಹಾಗಾಗಿ ಇಂಜಿನ್ನಿಗೆ ಹೋಗುವ ಮುಂಚೆ ಬಿಸಿ ಮಾಡುತ್ತಿದ್ದರು. ಆ ಇಂಜಿನ್ ಹೊತ್ತ ಮೆಕ್‌ಲಾರೆನ್ 16 ರೇಸುಗಳಲ್ಲಿ 15 ಗೆದ್ದಿತು. ಮರುವರ್ಷದಿಂದ ಟರ್ಬೊ ನಿಷೇಧ.

ಎನ್‌ಎ ಪಾಳಯದವರು ಸುಮ್ಮನೆ ಕೂತಿರಲಿಲ್ಲ. 1999ರ ಹೋಂಡಾ ಎಸ್2000 ಜಪಾನಿನಲ್ಲಿ 11.7:1 ಕಂಪ್ರೆಷನ್ನಿನೊಂದಿಗೆ 2 ಲೀಟರಿನಿಂದ 250 ಹಾರ್ಸ್‌ಪವರ್ ತೆಗೆಯಿತು, ಟರ್ಬೊ ಹಂಗಿಲ್ಲದೆ. 2009ರ ಫೆರಾರಿ 458 ಇಟಾಲಿಯಾ 12.5:1ರವರೆಗೆ ಹೋಯಿತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಿದರೆ ಅದು ಆವಿಯಾಗುವಾಗ ಮಿಶ್ರಣ ತಣ್ಣಗಾಗುತ್ತದೆ, ಒಂದಿಷ್ಟು ಆಕ್ಟೇನ್ ಪುಕ್ಕಟೆ ಸಿಕ್ಕಂತೆ. ಆದರೆ ಅದರ ಉತ್ತರಾಧಿಕಾರಿ 2015ರ 488ರಲ್ಲಿ ಟರ್ಬೊ ಬಂತು: ಕಂಪ್ರೆಷನ್ 9.4:1ಕ್ಕೆ ಇಳಿಯಿತು, ಇಂಜಿನ್ 4.5 ಲೀಟರಿನಿಂದ 3.9ಕ್ಕೆ ಇಳಿಯಿತು, ಪವರ್ 570ರಿಂದ 670ಕ್ಕೆ ಏರಿತು. ಕಿವಿಗೆ ಮಾತ್ರ 458ನೇ ಇಂಪು, ಇದರಲ್ಲಿ ನನಗೆ ರಾಜಿ ಇಲ್ಲ.

ಇಷ್ಟೆಲ್ಲ ಆಟಕ್ಕೆ ದುಡ್ಡು ಕೊಟ್ಟವರು ಯಾರು? ಭೂಮಿಯ ವಯಸ್ಸು ಅಳೆಯಲು ಹೊರಟ ಕ್ಲೇರ್ ಪ್ಯಾಟರ್ಸನ್‌ಗೆ ಎಲ್ಲೆಲ್ಲೂ ಸೀಸದ ಕಲಬೆರಕೆ ಸಿಕ್ಕಿ, ಅರವತ್ತರ ದಶಕದಲ್ಲಿ ಅವನು ಅದನ್ನು ಬಯಲಿಗೆಳೆದ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ರಲ್ಲಿ, ಅಂದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಸ್ಕೂಲ್ ಆಟೋದಲ್ಲಿ ಕೂತು ಅದರ ಹೊಗೆ ಕುಡಿದವರೇ. ಜಗತ್ತಿನ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಮಿಜ್‌ಲಿ ಪಕ್ಕಕ್ಕಿಟ್ಟಿದ್ದ ಆಲ್ಕೋಹಾಲ್ ಈಗ ಬಂಕಿಗೆ ವಾಪಸ್ ಬಂದಿದೆ. ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್, 20 ಪಾಲು ಬೆರೆತ ಇ20 ಆಗಿ. ಎಥೆನಾಲಿನ ಆಕ್ಟೇನ್ ನೂರರ ಮೇಲೆ, ಹಾಗಾಗಿ ಬಿಎಸ್-2 ಕಾಲದಲ್ಲಿ 88 ಇದ್ದ ಮಾಮೂಲಿ ಪೆಟ್ರೋಲು ಈಗ 95 ಆರ್‌ಒಎನ್. ಆದರೆ ಲೀಟರಿಗೆ ಲೀಟರ್ ನೋಡಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇದಕ್ಕೆಂದೇ ಟ್ಯೂನ್ ಮಾಡಿದ ಟರ್ಬೊ ಇಂಜಿನ್ ಆ ಹೆಚ್ಚುವರಿ ತಾಳ್ಮೆಯನ್ನು ಬೂಸ್ಟಿಗೆ ಬದಲಾಯಿಸಿಕೊಂಡೀತು. 91ಕ್ಕೆ ಅಂತ ಕಟ್ಟಿದ ಹಳೇ ಎನ್‌ಎ ಇಂಜಿನ್ನಿಗೆ ಆ ದಾರಿ ಇಲ್ಲ, ಅದರ ಪಾಲಿಗೆ ಬರುವುದು ಮೈಲೇಜಿನ ಇಳಿಕೆ. ಅದಕ್ಕೆ 100 ಆಕ್ಟೇನ್ ಹಾಕಿಸಿದರೂ ಅಷ್ಟೇ, ಜೇಬು ಮಾತ್ರ ಹಗುರ. ನಿಮ್ಮದು ಯಾವ ಜಾತಿಯ ಇಂಜಿನ್ ಅಂತ ಗೊತ್ತಾಗಬೇಕಿದ್ದರೆ ಬಂಕಿನ ಹುಡುಗನನ್ನು ಕೇಳಬೇಡಿ, ಟ್ಯಾಂಕ್ ಮುಚ್ಚಳದ ಒಳಬದಿಯ ಸ್ಟಿಕ್ಕರ್ ಅಥವಾ ಕಾರಿನ ಜೊತೆ ಬಂದ ಪುಸ್ತಕ ನೋಡಿ.