ಕೆರೆಯ ಹಕ್ಕಿಗಳ ಲೆಕ್ಕ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಾಸನಗಳ ಕಡೆಗೂ ರಾಜವಂಶಗಳ ಕಡೆಗೂ ಹರಿಯುವುದು ಸಹಜ. ಆದರೆ ಒಂದು ಕೆರೆಗೆ ಯಾವ ವರ್ಷ ಯಾವ ಹಕ್ಕಿ ಬಂದಿತು, ಎಷ್ಟು ಬಂದವು ಎಂಬ ಲೆಕ್ಕವೂ ಇತಿಹಾಸವೇ. ಕೋಲಾರದಿಂದ ವೇಮಗಲ್ಲಿನ ಕಡೆಗೆ ಹೊರಟವರಿಗೆ ಈ ಮಾತಿನ ಅರ್ಥ ಬೇಗನೆ ತಿಳಿದೀತು. ಬಂಡೆಗುಡ್ಡಗಳೂ ರಾಗಿಯ ಹೊಲಗಳೂ ಉಳ್ಳ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ; ಜನಕ್ಕೂ ದನಕ್ಕೂ ಪಕ್ಷಿಗೂ ಕೆರೆಯೇ ಗತಿ. ಜಿಲ್ಲೆಯಲ್ಲಿ ಅಂಥ ಕೆರೆಗಳು ಎರಡು ಸಾವಿರಕ್ಕೂ ಮಿಕ್ಕಿವೆ.

ತೂಬು ಕಾಯುತ್ತಿದ್ದ ನೀರುಗಂಟಿಗೆ ಕೆರೆಯ ಹಕ್ಕಿಗಳ ಪರಿಚಯ ತಲೆಮಾರುಗಳಿಂದ ಇದ್ದಿತು. ಆದರೆ ಅದು ಬಾಯಿಮಾತಿನಲ್ಲಿಯೇ ಉಳಿದು, ತಾರೀಖಿನೊಡನೆ ಬರಹಕ್ಕೆ ಇಳಿಯಲಿಲ್ಲ. ಮೈಸೂರು ಸಂಸ್ಥಾನದ ಪಕ್ಷಿಗಳ ಕ್ರಮಬದ್ಧವಾದ ಸರ್ವೇಕ್ಷಣೆ 1939-40ರಲ್ಲಿ ಸಲೀಂ ಅಲಿಯವರಿಂದ ನಡೆಯಿತು. 1883ರಲ್ಲಿ ಸ್ಥಾಪಿತವಾದ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದರ ವರದಿ ಪ್ರಕಟವಾಯಿತು. ಆ ಕಾಲದ ಶಾಸ್ತ್ರಜ್ಞರು ಕೋವಿಯಿಂದ ಹೊಡೆದ ಹಕ್ಕಿಯ ಚರ್ಮವನ್ನು ಸಾಕ್ಷ್ಯವಾಗಿ ಕಾದಿಡುತ್ತಿದ್ದರು. ಆದರೂ ಅವರ ಸಲಹೆಯಿಂದಲೇ 1940ರಲ್ಲಿ ಕಾವೇರಿಯ ರಂಗನತಿಟ್ಟು ಪಕ್ಷಿಧಾಮವಾಯಿತು. ಬರೆದಿಟ್ಟ ತಿಳಿವು ರಕ್ಷಣೆಗೆ ದಾರಿಯಾಗುವುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕಾಲಕ್ರಮದಲ್ಲಿ ಕೋವಿ ಹೋಗಿ ದುರ್ಬೀನು ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದ ಮೇಲೆ ಬೇಟೆಯ ಹವ್ಯಾಸಕ್ಕೆ ತಡೆಬಿದ್ದಿತು. ಅದೇ ದಶಕದಲ್ಲಿ ಬೆಂಗಳೂರಿನ ಹವ್ಯಾಸಿಗಳು ಪಕ್ಷಿವೀಕ್ಷಕರ ಸಂಘವನ್ನು ಕಟ್ಟಿಕೊಂಡರು. 1987ರಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾಯಿತು. ಪ್ರತಿ ವರ್ಷ ಜನವರಿಯಲ್ಲಿ, ಸಂಬಳವಿಲ್ಲದೆ, ಸ್ವಯಂಸೇವಕರು ಕೆರೆಯ ಏರಿಯ ಮೇಲೆ ನಿಂತು ಎಣಿಸುವ ಕಾರ್ಯವಿದು.

ಕೋಲಾರಕ್ಕೆ ಈ ಲೆಕ್ಕ ಇಂದು ವಿಶೇಷವಾಗಿ ಬೇಕಾಗಿದೆ. ಮಳೆ ಕೈಕೊಟ್ಟು, ಕೊಳವೆಬಾವಿಗಳು ಆಳಕ್ಕಿಳಿದು, ಅನೇಕ ಕೆರೆಗಳು ವರ್ಷಗಟ್ಟಲೆ ಬರಿದಾಗಿದ್ದವು. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಶುದ್ಧೀಕರಿಸಿದ ಚರಂಡಿನೀರು ಇಲ್ಲಿಗೆ ಹರಿಯತೊಡಗಿತು. 126 ಕೆರೆಗಳನ್ನು ತುಂಬಿಸುವುದು ಮೊದಲ ಹಂತದ ಯೋಜನೆ. ನೀರು ಬಂದಿತೆಂದು ಕೆಲವರಿಗೆ ಹರ್ಷ. ಶುದ್ಧಿ ಸಾಲದೆಂದು ಕೆಲವರಿಗೆ ಆತಂಕ.

ಹಕ್ಕಿಗಳು ಈ ವಿವಾದದಲ್ಲಿ ಸಾಕ್ಷಿ ಹೇಳಬಲ್ಲವೆ? ಎಚ್ಚರದಿಂದ ಕೇಳಿದರೆ ಹೇಳಬಲ್ಲವು. ಮೀನು ತಿನ್ನುವ ನೀರುಕಾಗೆ ಬಂದರೆ ಮೀನಿದೆಯೆಂದು ತಿಳಿಯಬಹುದು. ನೀರು ನಿರ್ಮಲವೆಂದು ಅಷ್ಟರಿಂದಲೇ ಹೇಳಲಾಗದು, ಅದಕ್ಕೆ ಪ್ರಯೋಗಶಾಲೆಯೇ ಬೇಕು. ಕೆರೆ ಸದಾ ತುಂಬಿದ್ದರೆ ಮುಳುಗಿ ಮೇಯುವ ಹಕ್ಕಿಗಳಿಗೆ ಅನುಕೂಲ. ಅಂಚಿನ ಕೆಸರಿನಲ್ಲಿ ಹುಳು ಹೆಕ್ಕುವ ಉಲ್ಲಂಕಿಗಳಿಗೆ ಅದೇ ನಷ್ಟ. ಆದುದರಿಂದ ಒಟ್ಟು ಸಂಖ್ಯೆಗಿಂತ ಯಾವ ಜಾತಿ ಹೆಚ್ಚಿತು, ಯಾವುದು ಕುಗ್ಗಿತು ಎಂಬುದೇ ಮುಖ್ಯ. ಒಣಗಿದ ಕಾಲದ ಲೆಕ್ಕವಿಲ್ಲದಿದ್ದರೆ ತುಂಬಿದ ಕಾಲದ ಲೆಕ್ಕವನ್ನು ಯಾವುದರೊಡನೆ ಹೋಲಿಸುವುದು?

ಶ್ರೋತೃಗಳೇ, ಪಟ್ಟಣದಿಂದ ವಿಹಾರಕ್ಕೆ ಹೋಗುವವರು ಒಂದು ಕೆರೆಯನ್ನು ತಮ್ಮದೆಂದು ಆರಿಸಿಕೊಳ್ಳಲಿ. ಪ್ರತಿ ವರ್ಷ ಅದೇ ಕಾಲದಲ್ಲಿ ಅದೇ ಏರಿಯ ಮೇಲೆ ನಿಂತು, ಗೂಡಿನ ಬಳಿ ಸುಳಿಯದೆ, ಕಂಡದ್ದನ್ನು ಬರೆಯಲಿ. ಹತ್ತಿರದ ಊರಿನ ಹಿರಿಯರನ್ನು ಕೇಳಿ ಹಳೆಯ ನೆನಪುಗಳನ್ನೂ ಸೇರಿಸಿಕೊಳ್ಳಲಿ. ಹಕ್ಕಿಯೊಂದೂ ಕಾಣದ ದಿನ ಸೊನ್ನೆಯನ್ನು ಬರೆಯಲು ಮರೆಯದಿರಲಿ. ಮುಂದಿನವರಿಗೆ ಆ ಸೊನ್ನೆಯೂ ಒಂದು ಶಾಸನವೇ.