ಬೂದಿಯ ಮೇಲಿನ ಹುಲ್ಲು

ಕಾಡು ಕಡಿದು ನಾಡು ಮಾಡುವುದನ್ನು ಜನಾಂಗಗಳೆಲ್ಲ ಪುರುಷಪ್ರಯತ್ನದ ಹಿರಿಮೆಯೆಂದೇ ಎಣಿಸಿಕೊಂಡು ಬಂದಿವೆ. ಬೇರೆಡೆಗಳಲ್ಲಿ ಶತಮಾನಗಳ ಪರ್ಯಂತ ಮೆಲ್ಲಮೆಲ್ಲನೆ ನಡೆದ ಈ ಕಾರ್ಯವು ನ್ಯೂಜೀಲೆಂಡ್ ದ್ವೀಪಗಳಲ್ಲಿ ಕೆಲವೇ ತಲೆಮಾರುಗಳೊಳಗೆ ನಡೆದುಹೋಯಿತು. ಅದರ ಲಾಭವನ್ನು ಜಗತ್ತು ಬಲ್ಲದು. ಬೆಣ್ಣೆ, ಉಣ್ಣೆ, ಮಾಂಸಗಳಿಗೆ ಆ ದೇಶವು ಹೆಸರಾಗಿದೆ. ಅದಕ್ಕೆ ತೆತ್ತ ಬೆಲೆಯು ಅಷ್ಟಾಗಿ ತಿಳಿದಿಲ್ಲ. ಮದರಾಸು ಪ್ರಾಂತದ ಅರಣ್ಯಾಧಿಕಾರಿಯೊಬ್ಬನೂ ಈ ಇತಿಹಾಸದಲ್ಲಿ ಪಾತ್ರಧಾರಿಯಾಗಿರುವುದರಿಂದ ಇದು ನಮಗೆ ತೀರ ಹೊರಗಿನ ಕಥೆಯಲ್ಲ.

ಮನುಷ್ಯನು ಕಾಲಿಡುವ ಮುನ್ನ ಆ ನೆಲದ ನೂರಕ್ಕೆ ಸುಮಾರು ೮೦ ಪಾಲು ಕಾಡಾಗಿತ್ತು. ಬಾವಲಿಗಳನ್ನುಳಿದರೆ ನೆಲದ ಮೇಲೆ ಬಾಳುವ ಸಸ್ತನಿಗಳು ಅಲ್ಲಿ ಇರಲಿಲ್ಲವಾಗಿ, ಗೊರಸಿನ ತುಳಿತವನ್ನೇ ಆ ಮಣ್ಣು ಅರಿಯದು. ೧೩ನೆಯ ಶತಮಾನದ ಸುಮಾರಿಗೆ ಬಂದು ನೆಲೆಸಿದ ಮಾವೊರಿ ಜನರು ಕಾಡಿನ ಗಣನೀಯ ಭಾಗವನ್ನು ಸುಟ್ಟಿದ್ದರು. ಆದಾಗ್ಯೂ, ೧೮೪೦ರಲ್ಲಿ ವೈಟಾಂಗಿಯ ಒಪ್ಪಂದದಿಂದ ಬ್ರಿಟಿಷ್ ಅಧಿಕಾರವು ನೆಲೆಗೊಂಡಾಗ ದೇಶದ ಅರ್ಧದಷ್ಟು ಭೂಮಿ ಇನ್ನೂ ಮರಗಳ ನೆರಳಿನಲ್ಲಿಯೇ ಇದ್ದಿತು.

ಮುಂದೆ ೧೮೬೦ರ ದಶಕದ ಯುದ್ಧಗಳಿಂದಲೂ, ಜಪ್ತಿಯ ಕಾನೂನುಗಳಿಂದಲೂ, ಭೂನ್ಯಾಯಾಲಯದ ವ್ಯವಹಾರಗಳಿಂದಲೂ ಮಾವೊರಿಗಳ ನೆಲವು ಕೈಬದಲಾಯಿಸಿತು. ೧೮೭೦ರಲ್ಲಿ ಜೂಲಿಯಸ್ ವೋಗೆಲ್ ಎಂಬ ರಾಜಕಾರಣಿಯು ಸಾಲ ತಂದು ರೈಲುದಾರಿ ಹಾಕಿಸುವ, ಯೂರೋಪಿನ ಬಡಜನರನ್ನು ಕರೆತರುವ ಯೋಜನೆಯನ್ನು ಹೂಡಿದನು. ೧೮೭೨ರಲ್ಲಿ ನಾರ್ವೆ, ಡೆನ್ಮಾರ್ಕುಗಳ ಕುಟುಂಬಗಳು ಉತ್ತರ ದ್ವೀಪದ ದಟ್ಟಕಾಡಿನಲ್ಲಿ ನಾರ್ಸ್‌ವುಡ್, ಡ್ಯಾನೆವರ್ಕ್ ಎಂಬ ಊರುಗಳನ್ನು ಕಟ್ಟಿದುವು.

ಅವರ ಕ್ರಮ ಹೀಗಿತ್ತು. ಚಳಿಗಾಲದಲ್ಲಿ ಪೊದೆಬಳ್ಳಿಗಳನ್ನು ಸವರುವರು. ಬಳಿಕ ಹೆಮ್ಮರಗಳನ್ನು ಉರುಳಿಸಿ ಒಣಗಲು ಬಿಡುವರು. ಆ ಗೋಳಾರ್ಧದಲ್ಲಿ ಜನವರಿ, ಫೆಬ್ರವರಿಗಳೇ ಬೇಸಗೆಯಾದುದರಿಂದ ಆಗ ಗಾಳಿ ನೋಡಿ ಬೆಂಕಿಯಿಕ್ಕುವರು. ನೇಗಿಲಿಗೆ ಕೆಲಸವಿಲ್ಲ, ಬೂದಿಯ ಮೇಲೆ ಹುಲ್ಲಿನ ಬೀಜವನ್ನು ಕೈಯಿಂದ ಎರಚಿದರೆ ಸಾಕು. ಕರಿಹಿಡಿದ ಬೊಡ್ಡೆಗಳ ನಡುವೆ ಹುಲ್ಲು ಮೊಳೆತ ಮೇಲೆ ದನಕುರಿಗಳನ್ನು ಬಿಡುವರು. ಒಮ್ಮೊಮ್ಮೆ ಬೆಂಕಿ ಕೈಮೀರುತ್ತಿತ್ತು. ೧೮೮೮ರಲ್ಲಿ ನಾರ್ಸ್‌ವುಡ್ ಊರಿನ ಬಹುಭಾಗವೇ ಸುಟ್ಟುಹೋಯಿತು.

ಹುಲ್ಲು ಬಂದೊಡನೆ ಹಣ ಬರಲಿಲ್ಲ. ತಾರನಾಕಿ ಸೀಮೆಯಲ್ಲಿ ಅನೇಕ ಒಕ್ಕಲುಗಳನ್ನು ಬದುಕಿಸಿದುದು ಕೊಳೆಯುವ ದಿಮ್ಮಿಗಳ ಮೇಲೆ ಏಳುತ್ತಿದ್ದ ಕಿವಿಯಾಕಾರದ ಅಣಬೆ. ಚ್ಯೂ ಚಾಂಗ್ ಎಂಬ ಚೀಣೀ ವರ್ತಕನು ಅದನ್ನು ನಗದಿಗೆ ಕೊಂಡು ಚೀಣಕ್ಕೆ ಕಳುಹಿಸುತ್ತಿದ್ದನು. ೧೮೮೨ರ ಫೆಬ್ರವರಿಯಲ್ಲಿ ‘ಡುನೀಡಿನ್’ ಎಂಬ ಹಾಯಿಹಡಗು ಸುಮಾರು ೫,೦೦೦ ಕುರಿಗಳ ಮಾಂಸವನ್ನು ಶೈತ್ಯಯಂತ್ರದಿಂದ ಕೆಡದಂತೆ ಕಾಯ್ದು ಮೇ ತಿಂಗಳಲ್ಲಿ ಲಂಡನ್ ಮುಟ್ಟಿಸಿತು. ಚ್ಯೂ ಚಾಂಗನೂ ೧೮೮೭ರಲ್ಲಿ ಎಲ್ಥಮ್ ಎಂಬಲ್ಲಿ ಬೆಣ್ಣೆಯ ಕಾರ್ಖಾನೆಯನ್ನು ತೆರೆದನು. ಹುಲ್ಲೇ ಹೊನ್ನಾದ ಬಳಿಕ ಕಡಿದಾದ ಗುಡ್ಡಗಳ ಕಾಡಿಗೂ ಕೊಡಲಿ ಬಿದ್ದಿತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ವೋಗೆಲನೇ ೧೮೭೪ರಲ್ಲಿ ಅರಣ್ಯ ಕಾಯಿದೆಯನ್ನು ತಂದನು. ಅದನ್ನು ನಡೆಸಲು ೧೮೭೬ರಲ್ಲಿ ಮದರಾಸಿನಿಂದ ಕ್ಯಾಪ್ಟನ್ ಇಂಚಸ್ ಕ್ಯಾಂಬೆಲ್ ವಾಕರ್ ಎಂಬವನನ್ನು ಕರೆಯಿಸಿದರು. ಅವನು ಸರಕಾರೀ ಅರಣ್ಯಗಳನ್ನು ಗುರುತಿಸಿ ಕಾಯ್ದಿಡಬೇಕೆಂದು ೧೮೭೭ರಲ್ಲಿ ವರದಿ ಒಪ್ಪಿಸಿದನು. ಆದರೆ ಖರ್ಚಿನ ನೆವದಿಂದಲೂ, ಭೂಮಿಗಾಗಿ ಕಾದಿದ್ದವರ ಒತ್ತಾಯದಿಂದಲೂ ಆ ಪ್ರಯತ್ನವು ನಿಂತುಹೋಗಿ, ವಾಕರನು ಹಿಂದಿರುಗಿದನು.

ಇಲ್ಲೊಂದು ವಿಪರ್ಯಾಸವುಂಟು. ಕಾಡಿಗೆ ಬೆಂಕಿಯಿಟ್ಟು ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯವನ್ನು ನಮ್ಮ ಕನ್ನಡ ಜಿಲ್ಲೆಗಳಲ್ಲಿ ೧೯ನೆಯ ಶತಮಾನದ ಮಧ್ಯಭಾಗದಿಂದ ಬ್ರಿಟಿಷ್ ಸರಕಾರವು ಹಾನಿಕರವೆಂದು ನಿರ್ಬಂಧಿಸುತ್ತ ಬಂದಿತು. ಅದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ ಅದೇ ಬೆಂಕಿಗೆ ಅಭಿವೃದ್ಧಿಯೆಂಬ ಹೆಸರು! ಕುಮರಿಯವನಾದರೂ ಒಂದೆರಡು ಬೆಳೆ ತೆಗೆದು ನೆಲವನ್ನು ಮತ್ತೆ ಕಾಡಿಗೇ ಬಿಟ್ಟು ಹೋಗುತ್ತಿದ್ದನು. ಬೂದಿಯ ಸಾರವು ಕೆಲವೇ ವರ್ಷಗಳದೆಂದು ಅವನು ಬಲ್ಲನು. ನ್ಯೂಜೀಲೆಂಡಿನ ಒಕ್ಕಲಿಗನಿಗೆ ಬಿಟ್ಟುಹೋಗಲು ಎಡೆಯಿರಲಿಲ್ಲ. ಕಾಡು ಯುಗಯುಗಗಳಿಂದ ಕೂಡಿಟ್ಟ ಅಸಲನ್ನು ಅವನು ಬಡ್ಡಿಯೆಂದು ತಿಳಿದು ಉಂಡನು.

ಅಸಲು ಕರಗಿದೊಡನೆ ಹುಲ್ಲು ಬಡವಾಗಿ, ಜರಿಗಿಡಗಳೂ ಪೊದೆಗಳೂ ಮರಳಿ ಬಂದುವು. ೧೯೧೭ರಿಂದ ಮೊದಲನೆಯ ಮಹಾಯುದ್ಧದ ಸಿಪಾಯಿಗಳಿಗೆ ಮಂಗಾಪುರುವಾ ಕಣಿವೆಯಲ್ಲಿ ಕಾಡುನೆಲವನ್ನು ಹಂಚಿದ್ದರು. ಅವರಿಗಾಗಿ ೧೯೩೬ರಲ್ಲಿ ಕಾಂಕ್ರೀಟಿನ ಸೇತುವೆ ಸಿದ್ಧವಾದಾಗ ಹಲವರು ಆಗಲೇ ಬಿಟ್ಟು ನಡೆದಿದ್ದರು; ೧೯೪೨ರಲ್ಲಿ ಕಣಿವೆಯು ಬರಿದಾಯಿತು. ಸೇತುವೆಯು ಇಂದಿಗೂ ಮರುಬೆಳೆದ ಕಾಡಿನ ನಡುವೆ ನಿಂತಿದೆ. ಉಳಿದೆಡೆಗಳಲ್ಲಿ ನೌರು ಮುಂತಾದ ಪುಟ್ಟ ದ್ವೀಪಗಳನ್ನು ಅಗೆದು ರಂಜಕದ ಗೊಬ್ಬರವನ್ನು ತರಿಸಿದರು. ೧೯೪೯ರಿಂದ ಅದನ್ನು ವಿಮಾನಗಳಿಂದಲೇ ಗುಡ್ಡಗಳ ಮೇಲೆ ಚೆಲ್ಲತೊಡಗಿದರು. ಹೀಗೆ ಒಂದು ನೆಲದ ಸಾಲವನ್ನು ತೀರಿಸಲು ಇನ್ನೊಂದು ನೆಲವು ಬರಿದಾಯಿತು.

ಮಣ್ಣನ್ನು ಹಿಡಿಯುವ ಬೇರು ಮಾತ್ರ ಗೊಬ್ಬರದಿಂದ ಬರಲಿಲ್ಲ. ೧೯೩೮ರ ನೆರೆಗಳ ಬಳಿಕ, ೧೯೪೧ರಲ್ಲಿ, ಮಣ್ಣಿನ ರಕ್ಷಣೆಗೂ ನದಿಗಳ ನಿಯಂತ್ರಣಕ್ಕೂ ಕಾನೂನಾಯಿತು. ೧೯೮೮ರ ಮಾರ್ಚಿಯಲ್ಲಿ ಬೋಲಾ ಎಂಬ ಚಂಡಮಾರುತಕ್ಕೆ ಗಿಸ್ಬರ್ನ್ ಸೀಮೆಯ ಗುಡ್ಡಗಳು ಮತ್ತೆ ಜರಿದು ಬಿದ್ದುವು. ಈಗ ಅಲ್ಲಿ ಉಳಿದಿರುವ ಸಹಜಾರಣ್ಯವು ದೇಶದ ಕಾಲು ಭಾಗದಷ್ಟು ಮಾತ್ರ.

ಕಾಡನ್ನು ಮುಟ್ಟಲೇ ಬಾರದೆಂದು ಈ ಇತಿಹಾಸವು ಹೇಳುವುದಿಲ್ಲ. ತಗ್ಗಿನ ಸಮನೆಲದ ಹುಲ್ಲುಗಾವಲುಗಳು ಇಂದಿಗೂ ಹಾಲು ಕೊಡುತ್ತಿವೆ. ಕಡಿದವರು ಲೋಭಿಗಳೇ ಎನ್ನುವುದೂ ನ್ಯಾಯವಲ್ಲ. ಅವರಲ್ಲಿ ಬಹುಮಂದಿ ಸ್ವಂತದ್ದೆನ್ನುವ ತುಂಡು ನೆಲಕ್ಕಾಗಿ ಸಮುದ್ರ ದಾಟಿ ಬಂದ ಬಡವರು. ಯಾವ ಇಳಿಜಾರು ಹುಲ್ಲಿಗೆ ಸಲ್ಲುವುದು, ಯಾವುದು ಸಲ್ಲದು ಎಂದು ಬೆಂಕಿಯಿಕ್ಕುವ ಮೊದಲೇ ವಿಚಾರಿಸಲು ೧೮೭೭ರಲ್ಲಿ ಅವರ ಸರಕಾರಕ್ಕೆ ಅವಕಾಶವಿತ್ತು. ಅಂದು ಉಳಿಸಿದ ಒಬ್ಬ ಅಧಿಕಾರಿಯ ಸಂಬಳಕ್ಕಾಗಿ ಮುಂದಿನ ತಲೆಮಾರುಗಳು ತೆತ್ತುದು ಗುಡ್ಡಗುಡ್ಡಗಳ ಮಣ್ಣನ್ನು.